ಡ್ಯಾಶ್‌ಬೋರ್ಡ್‌ನಲ್ಲಿ ಲೈಟ್ ಬಂದಿದೆ: ನಿಲ್ಲಿಸಬೇಕಾ, ಓಡಿಸಬಹುದಾ?

ಗಾಡಿ ಓಡಿಸುತ್ತಿರುವಾಗ ಮೀಟರ್ ಪಕ್ಕ ಹೊಸದೊಂದು ಚಿಹ್ನೆ ಹೊತ್ತಿಕೊಳ್ಳುತ್ತದೆ. ಈಗಲೇ ನಿಲ್ಲಿಸಬೇಕಾ, ಮನೆ ತಲುಪಿದ ಮೇಲೆ ನೋಡಿದರೆ ಸಾಕಾ? ಅರ್ಧ ಉತ್ತರ ಬಣ್ಣದಲ್ಲೇ ಇದೆ. ಕೆಂಪು ಬಂದರೆ ಸುರಕ್ಷಿತ ಜಾಗ ನೋಡಿ ಗಾಡಿ ನಿಲ್ಲಿಸಬೇಕು. ಹಳದಿ ಅಥವಾ ಕಿತ್ತಳೆ ಬಂದರೆ ಸಾಮಾನ್ಯವಾಗಿ ಓಡಿಸಬಹುದು, ಆದರೆ ತೋರಿಸುವುದನ್ನು ಮುಂದೂಡಬಾರದು. ಹಸಿರು, ನೀಲಿ ಬಂದರೆ ಏನೋ ಒಂದು ಆನ್ ಆಗಿದೆ ಅಂತ ಅಷ್ಟೇ. ಉಳಿದರ್ಧ ಉತ್ತರ, ಲೈಟು ಒಂದೇ ಸಮ ಉರಿಯುತ್ತಿದೆಯಾ, ಮಿನುಗುತ್ತಿದೆಯಾ ಅನ್ನುವುದರಲ್ಲಿದೆ.

ಇದರ ಜೊತೆಗೆ ಇನ್ನೊಂದು ವ್ಯತ್ಯಾಸ ತಿಳಿದಿರಬೇಕು. ನನ್ನ ಪ್ರಕಾರ ಇದೇ ಎಲ್ಲಕ್ಕಿಂತ ಮುಖ್ಯ. ಕೆಲವು ಲೈಟುಗಳು ಬರೀ ಲೆಕ್ಕ ಇಡುತ್ತವೆ: ಇಷ್ಟು ಕಿಲೋಮೀಟರ್ ಆಯ್ತು, ಸರ್ವಿಸ್ ಮಾಡಿಸಿ ಅಂತ. ಮಿಕ್ಕವು ಅಳತೆ ಮಾಡಿ ಹೇಳುತ್ತವೆ: ಆಯಿಲ್ ಒತ್ತಡ ಬಿದ್ದಿದೆ, ಇಂಜಿನ್ ಕಾದಿದೆ ಅಂತ. ಲೆಕ್ಕ ಇಡುವ ಲೈಟು ಬಂದಾಗ ಕೆಲವು ದಿನ ಸಮಯ ಇರುತ್ತದೆ. ಅಳತೆ ಮಾಡುವ ಕೆಂಪು ಲೈಟು ಬಂದಾಗ ಹಲವು ಸಲ ಕೆಲವು ನಿಮಿಷವೂ ಇರುವುದಿಲ್ಲ. ಎರಡನ್ನೂ ಒಂದೇ ಅಂದುಕೊಳ್ಳುವುದರಿಂದಲೇ ಒಳ್ಳೊಳ್ಳೆ ಇಂಜಿನ್‌ಗಳು ಹಾಳಾಗುತ್ತವೆ.

ಕೆಂಪು ಲೈಟು ಈಗಲೇ ಉರಿಯುತ್ತಿದ್ದರೆ ಮುಂದಿನದನ್ನೆಲ್ಲ ಬಿಟ್ಟು ನೇರವಾಗಿ ಬ್ರೇಕ್, ಬ್ಯಾಟರಿ, ಟೆಂಪರೇಚರ್, ಆಯಿಲ್ ಭಾಗಗಳಿಗೆ ಹೋಗಿ.

ಕೀ ಆನ್ ಮಾಡಿದಾಗ ಎಲ್ಲಾ ಲೈಟುಗಳೂ ಬರುತ್ತವೆ

ಇದು ದೋಷವಲ್ಲ. ಇಂಜಿನ್ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿದರೆ ಎಚ್ಚರಿಕೆಯ ಲೈಟುಗಳು ಒಟ್ಟಿಗೆ ಹೊತ್ತಿಕೊಳ್ಳುತ್ತವೆ. ಕೆಲವು ಒಂದೆರಡು ಕ್ಷಣದಲ್ಲಿ ಆರುತ್ತವೆ. ಆಯಿಲ್, ಬ್ಯಾಟರಿ, ಚೆಕ್ ಇಂಜಿನ್ ಲೈಟುಗಳು ಇಂಜಿನ್ ಸ್ಟಾರ್ಟ್ ಆದ ಮೇಲೆ ಆರುತ್ತವೆ. ಗಾಡಿ ತನ್ನನ್ನೇ ಪರೀಕ್ಷೆ ಮಾಡಿಕೊಳ್ಳುವ ಹೊತ್ತು ಅದು.

ಆ ಹೊತ್ತಿನಲ್ಲಿ ಬರದೇ ಇರುವ ಲೈಟಿನ ಮೇಲೂ ಕಣ್ಣಿಡಿ. ಇದನ್ನು ಬಹಳ ಜನ ಗಮನಿಸುವುದೇ ಇಲ್ಲ. ಏರ್‌ಬ್ಯಾಗ್ ಚಿಹ್ನೆ ಅಥವಾ ಆಯಿಲ್ ಚಿಹ್ನೆ ಕೀ ಆನ್ ಮಾಡಿದಾಗ ಒಮ್ಮೆಯೂ ಮಿಂಚದಿದ್ದರೆ ಬಲ್ಬ್ ಹೋಗಿರಬಹುದು, ವೈರ್ ಬಿಟ್ಟಿರಬಹುದು. ಬೇಕಂತಲೇ ಯಾರೋ ಕಿತ್ತಿರಲೂಬಹುದು. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ನಾನು ಎಲ್ಲರಿಗೂ ಹೇಳುವ ಮೊದಲ ಪರೀಕ್ಷೆ ಇದೇ. ಖರ್ಚಿಲ್ಲ, ಐದು ಸೆಕೆಂಡಿನ ಕೆಲಸ.

ಚಿಹ್ನೆಗಳ ಆಕಾರಕ್ಕೆ ಐಎಸ್‌ಒ 2575 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಇದೆ. ಹಾಗಾಗಿ ಯಾವ ಕಂಪನಿಯ ಕಾರಿನಲ್ಲಾದರೂ ಹನಿ ತೊಟ್ಟಿಕ್ಕುವ ಎಣ್ಣೆಡಬ್ಬಿಯ ಅರ್ಥ ಒಂದೇ. ಆದರೂ ಕೆಲವು ಚಿಹ್ನೆಗಳನ್ನು ಒಬ್ಬೊಬ್ಬ ತಯಾರಕರು ಒಂದೊಂದು ಥರ ಬಳಸುತ್ತಾರೆ. ಅದಕ್ಕೇ ಗಾಡಿಯ ಕೈಪಿಡಿ ಗ್ಲೋವ್ ಬಾಕ್ಸಿನಲ್ಲೇ ಇರಲಿ.

ಸ್ಪ್ಯಾನರ್ ಚಿಹ್ನೆ ಅಥವಾ ‘ಸರ್ವಿಸ್’ ಅನ್ನುವ ಸಂದೇಶ ಬಂದಿದೆ

ಗಾಡಿ ಎಂದಿನಂತೆಯೇ ಓಡುತ್ತಿದೆ, ಸದ್ದಿಲ್ಲ, ವಾಸನೆಯಿಲ್ಲ, ಎಳೆತ ಚೆನ್ನಾಗಿದೆ. ಸ್ಟಾರ್ಟ್ ಮಾಡಿದಾಗ ಮಾತ್ರ ಹಳದಿ ಸ್ಪ್ಯಾನರ್ ಬಂದು ಹೋಗುತ್ತದೆ. ಬಹುತೇಕ ಕಾರುಗಳಲ್ಲಿ ಇದು ಲೆಕ್ಕ ಇಡುವ ಲೈಟು. ಕಳೆದ ಸಲ ಸೊನ್ನೆ ಮಾಡಿದ ಮೇಲೆ ಎಷ್ಟು ಕಿಲೋಮೀಟರ್, ಎಷ್ಟು ತಿಂಗಳು ಆಯ್ತು ಅಂತ ನೋಡಿ ನೆನಪಿಸುತ್ತದೆ. ಕೆಲವು ಕಾರುಗಳು ಇಂಜಿನ್ ಎಷ್ಟು ಕಾಯಿತು, ಎಷ್ಟು ಸಲ ತಣ್ಣಗೆ ಸ್ಟಾರ್ಟ್ ಆಯಿತು ಅನ್ನುವುದನ್ನೂ ಸೇರಿಸಿ ಆಯಿಲ್ ಎಷ್ಟು ದಿನ ಬಾಳಬಹುದು ಅಂತ ಅಂದಾಜು ಮಾಡುತ್ತವೆ.

ಮೊದಲು ಸರ್ವಿಸ್ ಪುಸ್ತಕ ತೆಗೆದು ನೋಡಿ. ಸರ್ವಿಸ್ ಮಾಡಿಸಿ ಸ್ವಲ್ಪವೇ ದಿನ ಆಗಿದ್ದರೆ, ಕೆಲಸ ಮುಗಿಸಿದವರು ಲೆಕ್ಕವನ್ನು ಸೊನ್ನೆ ಮಾಡಲು ಮರೆತಿರಬಹುದು. ಕೈಪಿಡಿಯಲ್ಲಿ ರೀಸೆಟ್ ಮಾಡುವ ಕ್ರಮ ಇರುತ್ತದೆ, ನೀವೇ ಮಾಡಬಹುದು. ಆಯಿಲ್ ಬದಲಿಸದೆ ಸುಮ್ನೆ ರೀಸೆಟ್ ಮಾಡಬೇಡಿ. ಹಾಗೆ ಮಾಡಿದರೆ ಹಳೇ ಆಯಿಲಿನಲ್ಲೇ ಇನ್ನೊಂದು ಪೂರ್ತಿ ಸುತ್ತು ಓಡಿಸಿದ ಹಾಗಾಗುತ್ತದೆ, ಗಾಡಿ ನೆನಪಿಸುವುದೂ ಇಲ್ಲ.

ಇಲ್ಲೊಂದು ಎಚ್ಚರ ಬೇಕು. ಕೆಲವು ಕಾರುಗಳಲ್ಲಿ ಇದೇ ಸ್ಪ್ಯಾನರ್ ನಿಜವಾದ ದೋಷಕ್ಕೂ ಬರುತ್ತದೆ. ಓಡಿಸುವ ಮಧ್ಯೆ ಥಟ್ಟನೆ ಬಂದು, ಪಿಕಪ್ ಸತ್ತು, ಎಷ್ಟು ಒತ್ತಿದರೂ ವೇಗ ಏರದಿದ್ದರೆ ಅದು ಸರ್ವಿಸ್ ನೆನಪಲ್ಲ. ಇಂಜಿನ್ ಅಥವಾ ಗೇರ್‌ಬಾಕ್ಸ್ ತನ್ನನ್ನು ಕಾಪಾಡಿಕೊಳ್ಳಲು ಶಕ್ತಿ ಕಡಿಮೆ ಮಾಡಿಕೊಂಡಿದೆ. ನಿಧಾನವಾಗಿ ಹತ್ತಿರದ ಗ್ಯಾರೇಜಿಗೆ ಹೋಗಿ.

ಕುದುರೆಲಾಳದ ಆಕಾರ, ಮಧ್ಯೆ ಆಶ್ಚರ್ಯಸೂಚಕ ಚಿಹ್ನೆ

ಟೈರಿನ ಗಾಳಿ ಕಡಿಮೆಯಾಗಿದೆ. ಚಳಿ ಹಿಡಿದ ಬೆಳಗ್ಗೆ ಬಂದು, ಸ್ವಲ್ಪ ದೂರ ಓಡಿಸಿದ ಮೇಲೆ ಆರಿಹೋದರೆ ಕಾರಣ ಹವಾಮಾನ. ಉಷ್ಣತೆ 5-6 ಡಿಗ್ರಿ ಸೆಲ್ಸಿಯಸ್ ಇಳಿದರೆ ಟೈರಿನ ಒತ್ತಡ ಸುಮಾರು 1 ಪಿಎಸ್‌ಐ ಇಳಿಯುತ್ತದೆ. ಆದರೆ ‘ಆರಿತಲ್ಲ, ಸಾಕು’ ಅಂತ ಬಿಡಬೇಡಿ. ಗಾಳಿ ಅಂಚಿನಲ್ಲಿದೆ ಅಂತ ಅರ್ಥ.

ಟೈರ್ ತಣ್ಣಗಿರುವಾಗ ನಾಲ್ಕೂ ಚಕ್ರದ ಗಾಳಿ ನೋಡಿ. ಎಷ್ಟಿರಬೇಕು ಅನ್ನುವುದು ಡ್ರೈವರ್ ಬಾಗಿಲು ತೆರೆದರೆ ಕಾಣುವ ಸ್ಟಿಕರ್ ಮೇಲಿರುತ್ತದೆ. ಟೈರಿನ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಅದನ್ನು ನೋಡಿ ತುಂಬಬೇಡಿ. ಒಂದು ಚಕ್ರದಲ್ಲಿ ಮಾತ್ರ ಪದೇ ಪದೇ ಇಳಿಯುತ್ತಿದ್ದರೆ ಮೊಳೆ ಚುಚ್ಚಿರಬಹುದು, ವಾಲ್ವ್ ಸೋರುತ್ತಿರಬಹುದು. ಬಹಳಷ್ಟು ಕಾರುಗಳಲ್ಲಿ ಗಾಳಿ ಕಾಲುಭಾಗದಷ್ಟು ಕಡಿಮೆಯಾದ ಮೇಲೆಯೇ ಈ ಲೈಟು ಬರುತ್ತದೆ. ಅಂದರೆ ಲೈಟು ಬರುವ ಹೊತ್ತಿಗೆ ಟೈರು ಆಗಲೇ ಸೊರಗಿರುತ್ತದೆ.

ಸ್ಟಾರ್ಟ್ ಮಾಡಿದ ಕೂಡಲೇ ಒಂದು ನಿಮಿಷದಷ್ಟು ಮಿನುಗಿ ಆಮೇಲೆ ಒಂದೇ ಸಮ ಉರಿದರೆ ಗಾಳಿಯದಲ್ಲ, ಸೆನ್ಸರಿನ ತೊಂದರೆ. ಗಾಳಿ ಸರಿ ಮಾಡಿದರೂ ಆರದಿದ್ದರೆ ಕೈಪಿಡಿ ನೋಡಿ. ಕೆಲವು ಕಾರುಗಳಲ್ಲಿ ಗಾಳಿ ತುಂಬಿದ ಮೇಲೆ ರೀಸೆಟ್ ಬಟನ್ ಒತ್ತಬೇಕು.

ಚೆಕ್ ಇಂಜಿನ್ ಲೈಟ್ ಒಂದೇ ಸಮ ಉರಿಯುತ್ತಿದೆ

ಹಳದಿ ಇಂಜಿನ್ ಚಿತ್ರ. ಎಲ್ಲರನ್ನೂ ಜಾಸ್ತಿ ಗಾಬರಿ ಮಾಡುವುದು ಇದೇ, ಯಾಕೆಂದರೆ ಇದರ ಹಿಂದೆ ನೂರಾರು ಕಾರಣ ಇರಬಹುದು. ಗಾಡಿ ಎಂದಿನ ಹಾಗೆ ಓಡುತ್ತಿದ್ದರೆ ಗಾಬರಿ ಬೇಡ. ಸುಲಭದ್ದರಿಂದ ಶುರು ಮಾಡಿ.

ಪೆಟ್ರೋಲ್ ಗಾಡಿಯಾದರೆ ಟ್ಯಾಂಕಿನ ಮುಚ್ಚಳ ನೋಡಿ. ನಿನ್ನೆ ಮೊನ್ನೆ ಪೆಟ್ರೋಲ್ ಹಾಕಿಸಿದ್ದೀರಾ? ಮುಚ್ಚಳ ಸಡಿಲವಿದ್ದರೆ ಅಥವಾ ಅದರ ರಬ್ಬರ್ ಬಿರುಕು ಬಿಟ್ಟಿದ್ದರೆ ಟ್ಯಾಂಕಿನ ಆವಿ ಹೊರಗೆ ಹೋಗುತ್ತದೆ, ಅದನ್ನು ಹಿಡಿಯುವ ವ್ಯವಸ್ಥೆ ಇರುವ ಕಾರುಗಳಲ್ಲಿ ಲೈಟು ಬರುತ್ತದೆ. ಟಿಕ್ ಟಿಕ್ ಅನ್ನುವ ತನಕ ತಿರುಗಿಸಿ ಬಿಗಿ ಮಾಡಿ. ಲೈಟು ತಕ್ಷಣ ಆರುವುದಿಲ್ಲ. ಗಾಡಿ ತನ್ನ ಪರೀಕ್ಷೆಯನ್ನು ಮತ್ತೆ ಮಾಡಿ ಮುಗಿಸಬೇಕು, ಅದಕ್ಕೆ ಕೆಲವು ದಿನದ ಓಡಾಟ ಬೇಕು.

ಆಮೇಲೆ ಬಾನೆಟ್ ತೆರೆದು ನೋಡಿ. ಏರ್ ಫಿಲ್ಟರಿನ ಪೈಪ್ ಕಳಚಿದೆಯಾ? ತೆಳು ರಬ್ಬರ್ ಹೋಸ್ ಯಾವುದಾದರೂ ಬಿಟ್ಟಿದೆಯಾ? ಇಲಿ ವೈರ್ ಕಡಿದಿದೆಯಾ? ಇಂಜಿನ್ ಆಫ್ ಇದ್ದು ತಣ್ಣಗಾಗಿರುವಾಗ ಮಾತ್ರ ಕೈ ಹಾಕಿ.

ಮುಂದಿನ ಹೆಜ್ಜೆ ಸ್ಕ್ಯಾನರ್. ಅಮೆರಿಕದಲ್ಲಿ 1996ರಿಂದ ಎಲ್ಲಾ ಹೊಸ ಕಾರುಗಳಿಗೂ ಒಬಿಡಿ-2 (ಗಾಡಿ ತನ್ನ ದೋಷಗಳನ್ನು ಕೋಡ್ ಆಗಿ ದಾಖಲಿಸುವ ವ್ಯವಸ್ಥೆ) ಕಡ್ಡಾಯವಾಯಿತು, ಆಮೇಲೆ ಬೇರೆ ಕಡೆಗಳಲ್ಲೂ ಬಂತು. 16 ಪಿನ್ನಿನ ಸಾಕೆಟ್ ಸಾಮಾನ್ಯವಾಗಿ ಸ್ಟೀರಿಂಗ್ ಕೆಳಗೆ, ಡ್ರೈವರ್ ಮೊಣಕಾಲಿನ ಹತ್ತಿರ ಇರುತ್ತದೆ. ಫೋನಿಗೆ ಜೋಡಿಸುವ ಸಣ್ಣ ಸ್ಕ್ಯಾನರ್ ಸಿಕ್ಕಿಸಿದರೆ ಕೋಡ್ ಓದಬಹುದು. ಉದಾಹರಣೆಗೆ ಪಿ0455 ಅಂದರೆ ಆವಿ ದೊಡ್ಡದಾಗಿ ಸೋರುತ್ತಿದೆ. ಪಿ0171 ಅಂದರೆ ಇಂಜಿನ್ನಿನ ಒಂದು ಸಾಲಿನಲ್ಲಿ ಗಾಳಿ ಜಾಸ್ತಿ, ಇಂಧನ ಕಡಿಮೆ. ಪಿ0128 ಅಂದರೆ ಇಂಜಿನ್ ಬೇಕಾದಷ್ಟು ಬಿಸಿ ಏರುತ್ತಿಲ್ಲ, ಬಹಳ ಸಲ ಥರ್ಮೋಸ್ಟಾಟ್ (ಇಂಜಿನ್ನಿನ ಬಿಸಿಯನ್ನು ಹತೋಟಿಯಲ್ಲಿಡುವ ವಾಲ್ವ್) ತೆರೆದೇ ಉಳಿದಿರುತ್ತದೆ. ಪಿ0420 ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯಲ್ಲಿನ ವಿಷವನ್ನು ಕಡಿಮೆ ಮಾಡುವ ಭಾಗ) ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂತ ಗಾಡಿಗೆ ಅನ್ನಿಸಿದೆ.

‘ಅನ್ನಿಸಿದೆ’ ಅಂದದ್ದು ಸುಮ್ನೆ ಅಲ್ಲ. ಕೋಡ್ ಎಲ್ಲಿ ಹುಡುಕಬೇಕು ಅಂತ ಹೇಳುತ್ತದೆ, ಯಾವ ಭಾಗ ಬದಲಿಸಬೇಕು ಅಂತ ಹೇಳುವುದಿಲ್ಲ. ಪಿ0171 ಬಂತು ಅಂತ ಆಕ್ಸಿಜನ್ ಸೆನ್ಸರ್ ಬದಲಿಸಿದರೆ ದುಡ್ಡು ಹೋಗಬಹುದು, ಲೈಟು ಹಾಗೇ ಇರಬಹುದು. ನಿಜವಾದ ಕಾರಣ ಒಡೆದ ಹೋಸ್ ಇರಬಹುದು, ಕೊಳೆ ಹಿಡಿದ ಗಾಳಿ ಅಳೆಯುವ ಸೆನ್ಸರ್ ಇರಬಹುದು, ಇಂಧನದ ಪಂಪ್ ಸೋತಿರಬಹುದು. ಕೋಡ್ ನೋಡಿದ ಕೂಡಲೇ ಭಾಗ ಬದಲಿಸೋಣ ಅನ್ನುವವರನ್ನು, ಅದೇ ಭಾಗ ಹಾಳಾಗಿದೆ ಅಂತ ಹೇಗೆ ಗೊತ್ತಾಯಿತು ಅಂತ ಕೇಳಿ. ಕೇಳುವ ಹಕ್ಕು ನಿಮಗಿದೆ.

ಕಾರಣ ಸಿಗುವ ಮೊದಲು ಕೋಡ್ ಅಳಿಸಬೇಡಿ, ಬ್ಯಾಟರಿ ವೈರ್ ಬಿಚ್ಚಿ ಲೈಟು ಆರಿಸಬೇಡಿ. ದೋಷ ಬಂದ ಕ್ಷಣದಲ್ಲಿ ವೇಗ ಎಷ್ಟಿತ್ತು, ಇಂಜಿನ್ ಎಷ್ಟು ಬಿಸಿ ಇತ್ತು ಅನ್ನುವ ದಾಖಲೆಯೂ ಜೊತೆಗೇ ಅಳಿಸಿಹೋಗುತ್ತದೆ. ಮೆಕ್ಯಾನಿಕ್‌ಗೆ ಬೇಕಾಗುವುದು ಅದೇ. ಕೋಡಿನ ಫೋಟೋ ತೆಗೆದಿಟ್ಟುಕೊಳ್ಳಿ.

ಚೆಕ್ ಇಂಜಿನ್ ಲೈಟ್ ಮಿನುಗುತ್ತಿದೆ, ಗಾಡಿ ನಡುಗುತ್ತಿದೆ

ಬಣ್ಣ ಹಳದಿಯೇ, ಆದರೆ ಇದನ್ನು ಕೆಂಪಿನ ಹಾಗೆಯೇ ನೋಡಿ. ಒಂದೋ ಎರಡೋ ಸಿಲಿಂಡರಿನಲ್ಲಿ ಇಂಧನ ಉರಿಯುತ್ತಿಲ್ಲ, ಇಂಜಿನ್ ಮಿಸ್ ಆಗುತ್ತಿದೆ. ಉರಿಯದ ಇಂಧನ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಅದು ವಿಪರೀತ ಕಾದು ಒಳಗಿನ ಜೇನುಗೂಡಿನಂಥ ಭಾಗ ಕರಗಬಹುದು. ಸ್ಪಾರ್ಕ್ ಪ್ಲಗ್ಗಿನಷ್ಟಕ್ಕೆ ಮುಗಿಯಬೇಕಾದ ಕೆಲಸ ಕನ್ವರ್ಟರ್ ಬದಲಿಸುವಲ್ಲಿಗೆ ಬಂದು ನಿಲ್ಲುತ್ತದೆ.

ಆಕ್ಸಿಲರೇಟರ್ ಮೇಲಿನ ಒತ್ತಡ ಕಡಿಮೆ ಮಾಡಿ, ಪಕ್ಕಕ್ಕೆ ತಂದು ನಿಲ್ಲಿಸಿ. ಒಣ ಹುಲ್ಲು, ತರಗೆಲೆ ಇರುವ ಕಡೆ ಮಾತ್ರ ನಿಲ್ಲಿಸಬೇಡಿ, ಕಾದ ಕನ್ವರ್ಟರಿನಿಂದ ಬೆಂಕಿ ಹತ್ತಿಕೊಳ್ಳಬಹುದು. ಪಿ0300 ಅಂದರೆ ಯಾವುದೋ ಒಂದು ಅಂತಿಲ್ಲದೆ ಹಲವು ಸಿಲಿಂಡರ್ ಮಿಸ್ ಆಗುತ್ತಿವೆ. ಪಿ0301 ಅಂದರೆ ಒಂದನೆಯದು, ಪಿ0302 ಅಂದರೆ ಎರಡನೆಯದು, ಹೀಗೆ. ಒಂದೇ ಸಿಲಿಂಡರಿನ ಕೋಡ್ ಬಂದರೆ ಹೆಚ್ಚಾಗಿ ಪ್ಲಗ್ ಅಥವಾ ಇಗ್ನಿಷನ್ ಕಾಯಿಲ್. ಆ ಸಿಲಿಂಡರಿನ ಕಾಯಿಲನ್ನು ಪಕ್ಕದ್ದರ ಜೊತೆ ಅದಲು ಬದಲು ಮಾಡಿದಾಗ ಕೋಡ್ ಕೂಡ ಪಕ್ಕಕ್ಕೆ ಹೋದರೆ ಕಾಯಿಲ್ಲೇ ಕಾರಣ ಅಂತ ಖಚಿತ. ಇದನ್ನು ಕೈ ಪಳಗಿದವರು ಇಂಜಿನ್ ಆಫ್ ಮಾಡಿ, ತಣ್ಣಗಾದ ಮೇಲೆ ಮಾಡಬೇಕು. ಇಗ್ನಿಷನ್ನಿನಲ್ಲಿ ಸಾವಿರಾರು ವೋಲ್ಟ್ ಓಡುತ್ತದೆ.

ಬ್ರೇಕಿನ ಕೆಂಪು ಲೈಟು, ಎಬಿಎಸ್ ಹಳದಿ ಲೈಟು

ಮೊದಲು ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿದೆಯಾ ನೋಡಿ. ಒಂದು ಹಲ್ಲು ಉಳಿದಿದ್ದರೂ ಲೈಟು ಉರಿಯುತ್ತದೆ. ಆಮೇಲೆ ಗಾಡಿ ನಿಲ್ಲಿಸಿ, ಬಾನೆಟ್ ತೆರೆದು ಬ್ರೇಕ್ ಆಯಿಲ್ ಡಬ್ಬಿ ನೋಡಿ. ಮಟ್ಟ ಕೆಳಗಿನ ಗೆರೆಗಿಂತ ಇಳಿದಿದ್ದರೆ ಎರಡು ಅರ್ಥ. ಬ್ರೇಕ್ ಪ್ಯಾಡ್ ಸವೆದರೆ ಆಯಿಲ್ ನಿಧಾನವಾಗಿ, ತಿಂಗಳುಗಟ್ಟಲೆ ಇಳಿಯುತ್ತದೆ. ಥಟ್ಟನೆ ಇಳಿದರೆ ಎಲ್ಲೋ ಸೋರುತ್ತಿದೆ.

ಪೆಡಲ್ ಒತ್ತಿ ನೋಡಿ. ಗಟ್ಟಿಯಾಗಿ ನಿಲ್ಲಬೇಕು. ಮೆತ್ತಗಿದ್ದರೆ ಅಥವಾ ನಿಧಾನವಾಗಿ ತಳಕ್ಕೆ ಇಳಿಯುತ್ತಾ ಹೋದರೆ ಗಾಡಿಯನ್ನು ಅಲ್ಲಿಂದ ಒಂದಡಿಯೂ ಓಡಿಸಬೇಡಿ. ಟೋ ಮಾಡಿಸಿ. ನಿಧಾನವಾಗಿ ಹೋಗುತ್ತೇನೆ ಅನ್ನುವ ಸಮಾಧಾನ ಇಲ್ಲಿ ನಡೆಯುವುದಿಲ್ಲ.

ಆಯಿಲ್ ಹಾಕುವುದಾದರೆ ಮುಚ್ಚಳದ ಮೇಲೆ ಬರೆದಿರುವ ಡಾಟ್ ನಂಬರನ್ನೇ ಹಾಕಿ, ಮೊಹರು ಒಡೆಯದ ಡಬ್ಬಿಯಿಂದಲೇ ಹಾಕಿ. ತೆರೆದಿಟ್ಟ ಬ್ರೇಕ್ ಆಯಿಲ್ ಗಾಳಿಯಲ್ಲಿರುವ ನೀರನ್ನು ಹೀರಿಕೊಳ್ಳುತ್ತದೆ. ಡಾಟ್ 5 ಸಿಲಿಕೋನಿನದು, ಡಾಟ್ 3 ಅಥವಾ ಡಾಟ್ 4 ಜೊತೆ ಅದನ್ನು ಬೆರೆಸಲೇಬಾರದು. ಬಣ್ಣದ ಮೇಲೆ ಚೆಲ್ಲಿದರೆ ಬಣ್ಣ ಎದ್ದುಬರುತ್ತದೆ, ಕೂಡಲೇ ನೀರಿನಿಂದ ತೊಳೆಯಿರಿ.

ಎಬಿಎಸ್ ಹಳದಿ ಲೈಟು ಮಾತ್ರ ಬಂದಿದ್ದರೆ ಮಾಮೂಲಿ ಬ್ರೇಕ್ ಕೆಲಸ ಮಾಡುತ್ತದೆ. ಜೋರಾಗಿ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ ಮಾತ್ರ ಇರುವುದಿಲ್ಲ. ಚಕ್ರದ ಹತ್ತಿರದ ಸೆನ್ಸರಿಗೆ ಕೆಸರು ಮೆತ್ತಿಕೊಳ್ಳುವುದು, ಅದರ ವೈರ್ ಕಿತ್ತುಬರುವುದು ಸಾಮಾನ್ಯ ಕಾರಣ. ಕೆಂಪು ಬ್ರೇಕ್ ಲೈಟು, ಎಬಿಎಸ್ ಲೈಟು ಎರಡೂ ಒಟ್ಟಿಗೆ ಬಂದರೆ ಮುಂದಿನ ಹಿಂದಿನ ಚಕ್ರಗಳಿಗೆ ಬ್ರೇಕ್ ಹಂಚುವ ವ್ಯವಸ್ಥೆಯೂ ಹೋಗಿರಬಹುದು. ಆಗ ಜೋರಾಗಿ ಬ್ರೇಕ್ ಹಾಕಿದರೆ ಹಿಂದಿನ ಚಕ್ರ ಲಾಕ್ ಆಗಿ ಗಾಡಿ ತಿರುಗಬಹುದು. ಓಡಿಸಬೇಡಿ.

ಬ್ಯಾಟರಿ ಲೈಟು ಓಡಿಸುವಾಗ ಬಂತು

ಬ್ಯಾಟರಿ ಚಿತ್ರ ಇದೆ ಅಂತ ಬ್ಯಾಟರಿಯೇ ಹೋಗಿದೆ ಅಂತಲ್ಲ. ಬ್ಯಾಟರಿಗೆ ಚಾರ್ಜ್ ಸಿಗುತ್ತಿಲ್ಲ ಅಂತ ಅರ್ಥ. ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ನಿಂತಿದೆ, ಇಲ್ಲವೇ ಅದನ್ನು ತಿರುಗಿಸುವ ಬೆಲ್ಟ್ ಜಾರುತ್ತಿದೆ ಅಥವಾ ಹರಿದಿದೆ.

ಜೊತೆಗೆ ಸ್ಟೀರಿಂಗ್ ಭಾರವಾಯಿತಾ? ಟೆಂಪರೇಚರ್ ಏರುತ್ತಿದೆಯಾ? ಹಾಗಿದ್ದರೆ ಬೆಲ್ಟ್ ಹರಿದಿರುವ ಸಾಧ್ಯತೆ ಜಾಸ್ತಿ. ಬಹಳಷ್ಟು ಕಾರುಗಳಲ್ಲಿ ಕೂಲೆಂಟ್ (ಇಂಜಿನ್ ತಣ್ಣಗಿಡುವ ದ್ರವ) ಪಂಪನ್ನೂ ಅದೇ ಬೆಲ್ಟ್ ತಿರುಗಿಸುತ್ತದೆ. ತಕ್ಷಣ ನಿಲ್ಲಿಸಿ ಇಂಜಿನ್ ಆಫ್ ಮಾಡಿ.

ಬೇರೆ ಯಾವ ಲಕ್ಷಣವೂ ಇಲ್ಲದಿದ್ದರೆ ಬ್ಯಾಟರಿಯಲ್ಲಿ ಉಳಿದಿರುವ ಚಾರ್ಜಿನಲ್ಲಿ ಗಾಡಿ ಸ್ವಲ್ಪ ದೂರ ಓಡುತ್ತದೆ. ಎಸಿ, ಹಿಂದಿನ ಗಾಜಿನ ಹೀಟರ್, ಹಾಡು ಎಲ್ಲಾ ಆಫ್ ಮಾಡಿ. ಮಧ್ಯೆ ಇಂಜಿನ್ ಆಫ್ ಮಾಡಬೇಡಿ, ಮತ್ತೆ ಸ್ಟಾರ್ಟ್ ಆಗದಿರಬಹುದು. ಹತ್ತಿರದ ಗ್ಯಾರೇಜಿಗೆ ಹೋಗಿ.

ನಿಲ್ಲಿಸಿದ ಮೇಲೆ ಟರ್ಮಿನಲ್ ಸಡಿಲವಿದೆಯಾ, ಬಿಳಿ ಅಥವಾ ಹಸಿರು ಪುಡಿ ಕಟ್ಟಿದೆಯಾ ನೋಡಿ. ಮಲ್ಟಿಮೀಟರ್ ಇದ್ದರೆ ಇಂಜಿನ್ ಆಫ್ ಇರುವಾಗ 12.4ರಿಂದ 12.7 ವೋಲ್ಟ್, ಓಡುವಾಗ ಸುಮಾರು 13.8ರಿಂದ 14.5 ವೋಲ್ಟ್ ತೋರಿಸಬೇಕು. ಓಡುವಾಗಲೂ 12ರ ಆಸುಪಾಸಿನಲ್ಲೇ ಇದ್ದರೆ ಚಾರ್ಜ್ ಆಗುತ್ತಿಲ್ಲ. ಇಂಜಿನ್ ಓಡುತ್ತಿರುವಾಗ ಬ್ಯಾಟರಿ ವೈರ್ ಬಿಚ್ಚಿ ಆಲ್ಟರ್ನೇಟರ್ ಪರೀಕ್ಷಿಸುವ ಹಳೇ ಪದ್ಧತಿ ಒಂದಿದೆ. ಈಗಿನ ಗಾಡಿಗಳಲ್ಲಿ ಅದನ್ನು ಮಾಡಿದರೆ ಎಲೆಕ್ಟ್ರಾನಿಕ್ಸ್ ಸುಟ್ಟುಹೋಗಬಹುದು. ಯಾರಾದರೂ ಮಾಡಲು ಬಂದರೆ ತಡೆಯಿರಿ.

ಸ್ಟಾರ್ಟ್ ಮಾಡುವಾಗ ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕೈದು ಲೈಟುಗಳು ಒಟ್ಟಿಗೆ ಬಂದರೂ ಮೊದಲು ಬ್ಯಾಟರಿಯನ್ನೇ ನೋಡಿ. ವೋಲ್ಟೇಜ್ ಕುಸಿದಾಗ ಒಂದೊಂದೇ ಕಂಪ್ಯೂಟರ್ ತಪ್ಪು ಓದಲು ಶುರು ಮಾಡುತ್ತದೆ.

ಟೆಂಪರೇಚರ್ ಕೆಂಪಾಗಿದೆ

ನೀಲಿ ಥರ್ಮಾಮೀಟರ್ ಬಂದರೆ ಇಂಜಿನ್ ಇನ್ನೂ ತಣ್ಣಗಿದೆ ಅಂತ, ಚಿಂತೆಯಿಲ್ಲ. ಕೆಂಪು ಬಂದರೆ ಎಸಿ ಆಫ್ ಮಾಡಿ, ನಿಲ್ಲಿಸಿ, ಇಂಜಿನ್ ಆಫ್ ಮಾಡಿ. ನಿಲ್ಲಿಸಲು ಜಾಗ ಸಿಗುವ ತನಕ ಹೀಟರನ್ನು ಪೂರ್ತಿ ಬಿಸಿಗೆ, ಪೂರ್ತಿ ಗಾಳಿಗೆ ಇಡಿ. ಒಳಗೆ ಸೆಕೆ ತಡೆಯಲಾಗುವುದಿಲ್ಲ, ಆದರೆ ಇಂಜಿನ್ನಿನ ಶಾಖ ಸ್ವಲ್ಪ ಹೊರಗೆ ಹೋಗುತ್ತದೆ.

ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳವನ್ನಾಗಲಿ ಕೂಲೆಂಟ್ ಡಬ್ಬಿಯ ಮುಚ್ಚಳವನ್ನಾಗಲಿ ಯಾವ ಕಾರಣಕ್ಕೂ ತೆರೆಯಬೇಡಿ. ಒತ್ತಡದಲ್ಲಿರುವ ಕೂಲೆಂಟ್ 100 ಡಿಗ್ರಿಗಿಂತ ಬಿಸಿ ಇದ್ದರೂ ಕುದಿಯದೆ ನಿಂತಿರುತ್ತದೆ. ಮುಚ್ಚಳ ಸಡಿಲವಾದ ಕೂಡಲೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಬಟ್ಟೆ ಹಿಡಿದು ತೆರೆದರೂ ಸುಡುತ್ತದೆ. ಕನಿಷ್ಠ ಅರ್ಧ ಗಂಟೆ ಕಾಯಿರಿ, ಮೇಲಿನ ಹೋಸ್ ಮುಟ್ಟಿದರೆ ಬಿಸಿ ತಾಗುತ್ತಿದ್ದರೆ ಇನ್ನೂ ಕಾಯಿರಿ. ಇಂಜಿನ್ ಆಫ್ ಇದ್ದರೂ ರೇಡಿಯೇಟರ್ ಫ್ಯಾನ್ ತಾನಾಗಿಯೇ ತಿರುಗಬಹುದು, ಬೆರಳು ದೂರ ಇರಲಿ.

ತಣ್ಣಗಾದ ಮೇಲೆ ಕೂಲೆಂಟ್ ಮಟ್ಟ ನೋಡಿ. ಕಡಿಮೆಯಿದ್ದು ಕೆಳಗೆ ಹನಿ ಬಿದ್ದಿದ್ದರೆ ಹೋಸ್, ರೇಡಿಯೇಟರ್ ಅಥವಾ ಪಂಪ್ ಸೋರುತ್ತಿದೆ. ಮಟ್ಟ ಸರಿಯಿದ್ದು, ಟ್ರಾಫಿಕ್ಕಿನಲ್ಲಿ ನಿಂತಾಗ ಮಾತ್ರ ಬಿಸಿ ಏರಿ ಓಡುವಾಗ ಇಳಿಯುತ್ತಿದ್ದರೆ ಫ್ಯಾನ್ ತಿರುಗುತ್ತಿಲ್ಲ, ಅದರ ಫ್ಯೂಸ್ ನೋಡಿ. ಹೊಗೆನಳಿಗೆಯಲ್ಲಿ ಸಿಹಿ ವಾಸನೆಯ ದಟ್ಟ ಬಿಳಿ ಹೊಗೆ, ಅಥವಾ ಆಯಿಲ್ ಮುಚ್ಚಳದ ಒಳಗೆ ಹಾಲು ಬೆರೆಸಿದಂಥ ಬಣ್ಣ ಕಂಡರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಮೇಲ್ಭಾಗ ಮತ್ತು ಬ್ಲಾಕಿನ ನಡುವಿನ ಸೀಲ್) ಹೋಗಿರಬಹುದು. ಮತ್ತೆ ಸ್ಟಾರ್ಟ್ ಮಾಡಬೇಡಿ.

ತುರ್ತಿಗೆ ಬರೀ ನೀರು ಹಾಕಬಹುದು, ಆದರೆ ಕಾದ ಇಂಜಿನ್ನಿಗೆ ತಣ್ಣೀರು ಹಾಕಿದರೆ ಹೆಡ್ ಸೀಳಬಹುದು. ಇನ್ನೊಂದು ವಿಷಯ: ಏರುತ್ತಿದ್ದ ಮುಳ್ಳು ಥಟ್ಟನೆ ತಣ್ಣಗಿನ ಕಡೆಗೆ ಬಿದ್ದರೆ ಸಮಾಧಾನ ಪಡಬೇಡಿ. ಕೂಲೆಂಟ್ ಪೂರ್ತಿ ಖಾಲಿಯಾದರೆ ಸೆನ್ಸರ್ ಗಾಳಿಯಲ್ಲಿ ಉಳಿದು ಹಾಗೆ ತೋರಿಸಬಹುದು.

ಕೆಂಪು ಎಣ್ಣೆಡಬ್ಬಿ

ಇದೊಂದು ಲೈಟಿನ ವಿಷಯದಲ್ಲಿ ಯಾವ ರಾಜಿಯೂ ಬೇಡ. ಇದು ಆಯಿಲ್ ಎಷ್ಟಿದೆ ಅಂತ ಹೇಳುವುದಿಲ್ಲ, ಆಯಿಲಿನ ಒತ್ತಡ ಬಿದ್ದಿದೆ ಅಂತ ಹೇಳುತ್ತದೆ. ಒತ್ತಡ ಇಲ್ಲದಿದ್ದರೆ ಬೇರಿಂಗುಗಳಿಗೆ ಆಯಿಲ್ ತಲುಪುವುದಿಲ್ಲ, ಲೋಹಕ್ಕೆ ಲೋಹ ಉಜ್ಜುತ್ತದೆ. ಒತ್ತಡ ತೀರಾ ಕೆಳಕ್ಕೆ ಬಿದ್ದ ಮೇಲೆಯೇ ಇದರ ಸ್ವಿಚ್ ಎಚ್ಚರಿಸುತ್ತದೆ. ಮುಂಚಿತವಾಗಿ ಬರುವ ಸೂಚನೆ ಇದಲ್ಲ. ಇನ್ನು ಎರಡೇ ಕಿಲೋಮೀಟರ್, ಮನೆ ಬಂತು ಅಂದುಕೊಂಡವರ ಇಂಜಿನ್ ದಾರಿಯಲ್ಲೇ ಹಿಡಿದು ನಿಂತಿರುವುದುಂಟು.

ಪಕ್ಕಕ್ಕೆ ತಂದು ಇಂಜಿನ್ ಆಫ್ ಮಾಡಿ. ಸಮತಟ್ಟಾದ ಜಾಗದಲ್ಲಿ ಐದು ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಆಯಿಲ್ ಅಳೆಯುವ ಕಡ್ಡಿ) ತೆಗೆಯಿರಿ, ಒರೆಸಿ, ಪೂರ್ತಿ ಒಳಗಿಟ್ಟು ಮತ್ತೆ ತೆಗೆದು ನೋಡಿ. ಕೆಳಗಿನ ಗುರುತಿಗಿಂತ ಕಡಿಮೆಯಿದ್ದರೆ ಕೈಪಿಡಿಯಲ್ಲಿ ಹೇಳಿದ ಗ್ರೇಡಿನ ಆಯಿಲ್ ಸ್ವಲ್ಪ ಸ್ವಲ್ಪವೇ ಹಾಕಿ, ಪ್ರತಿ ಸಲ ಅಳೆಯಿರಿ. ಬಹಳ ಕಾರುಗಳಲ್ಲಿ ಎರಡು ಗುರುತುಗಳ ನಡುವೆ ಸುಮಾರು ಒಂದು ಲೀಟರ್. ಮೇಲಿನ ಗುರುತು ದಾಟಿಸಬೇಡಿ. ಆಮೇಲೆ ಸ್ಟಾರ್ಟ್ ಮಾಡಿ. ಕೆಲವೇ ಸೆಕೆಂಡಿನಲ್ಲಿ ಲೈಟು ಆರಬೇಕು. ಆರದಿದ್ದರೆ ಕೂಡಲೇ ಆಫ್ ಮಾಡಿ.

ಮಟ್ಟ ಸರಿಯಿದ್ದೂ ಲೈಟು ಬಂದಿದ್ದರೆ ಸ್ಟಾರ್ಟ್ ಮಾಡಲೇಬೇಡಿ. ಸೆನ್ಸರ್ ಮಾತ್ರ ಕೆಟ್ಟಿರಬಹುದು, ಹೌದು. ಆದರೆ ಪಂಪ್ ಹೋಗಿರಬಹುದು, ಇಂಜಿನ್ನಿನ ಅಡಿಯಲ್ಲಿ ಆಯಿಲ್ ನಿಲ್ಲುವ ಸಂಪಿನ ಜಾಲರಿ ಕಟ್ಟಿಕೊಂಡಿರಬಹುದು. ಯಾವುದು ಅಂತ ಒತ್ತಡದ ಮೀಟರ್ ಜೋಡಿಸಿಯೇ ನೋಡಬೇಕು, ಅದು ಗ್ಯಾರೇಜಿನ ಕೆಲಸ. ಟೋ ಮಾಡಿಸುವ ಖರ್ಚು ಇಂಜಿನ್ ಬಿಚ್ಚಿಸುವ ಖರ್ಚಿನ ಮುಂದೆ ಏನೇನೂ ಅಲ್ಲ.

ತಿರುವಿನಲ್ಲಿ, ಬ್ರೇಕ್ ಹಾಕಿದಾಗ ಒಂದು ಕ್ಷಣ ಮಿನುಗಿ ಆರುತ್ತಿದ್ದರೆ ಆಯಿಲ್ ಕಡಿಮೆಯಾಗಿದೆ, ಪಕ್ಕಕ್ಕೆ ವಾಲಿದಾಗ ಪಂಪಿಗೆ ಸಿಗುತ್ತಿಲ್ಲ. ಬಿಸಿಯಾದ ಮೇಲೆ ಐಡಲಿಂಗ್‌ನಲ್ಲಿ ಮಾತ್ರ ಮಿನುಗುತ್ತಿದ್ದರೆ ಆಯಿಲ್ ತೆಳುವಾಗಿದೆ ಅಥವಾ ಇಂಜಿನ್ ಸವೆದಿದೆ. ಎರಡನ್ನೂ ಅದೇ ದಿನ ತೋರಿಸಿ.

ಏರ್‌ಬ್ಯಾಗ್ ಲೈಟು ಆರುತ್ತಲೇ ಇಲ್ಲ

ಗಾಡಿ ಓಡುತ್ತದೆ, ಆದರೆ ಡಿಕ್ಕಿಯಾದರೆ ಏರ್‌ಬ್ಯಾಗ್ ತೆರೆಯದೇ ಇರಬಹುದು. ನೀವು ಮಾಡಬಹುದಾದದ್ದು ಒಂದೇ: ಮುಂದಿನ ಸೀಟಿನ ಕೆಳಗೆ ಬಾಟಲಿ, ಕೊಡೆ, ಚೀಲ ತುರುಕಿದ್ದರೆ ಹೊರಗೆ ತೆಗೆಯಿರಿ. ಅಲ್ಲಿನ ಕನೆಕ್ಟರ್‌ಗಳಿಗೆ ಅವು ತಾಗಿ ಸಡಿಲವಾಗಿರಬಹುದು. ಹಳದಿ ಬಣ್ಣದ ವೈರ್, ಕನೆಕ್ಟರ್‌ಗಳನ್ನು ಎಳೆದು, ಸಿಕ್ಕಿಸಿ ನೋಡಬೇಡಿ. ಮಲ್ಟಿಮೀಟರ್ ಹಿಡಿಯಲೂಬೇಡಿ. ಏರ್‌ಬ್ಯಾಗ್ ಥಟ್ಟನೆ ಸಿಡಿದರೆ ದೊಡ್ಡ ಗಾಯವಾಗುತ್ತದೆ.

ಗ್ಯಾರೇಜಿಗೆ ಹೋದಾಗ

ಲೈಟು ಯಾವಾಗ ಬಂತು, ಇಂಜಿನ್ ಬಿಸಿ ಇತ್ತಾ, ಎಷ್ಟು ವೇಗದಲ್ಲಿದ್ದಿರಿ, ಮಿನುಗಿತಾ, ಒಂದೇ ಸಮ ಉರಿಯಿತಾ, ಹಿಂದಿನ ದಿನ ಏನಾದರೂ ಕೆಲಸ ಮಾಡಿಸಿದ್ದಿರಾ, ಇಷ್ಟನ್ನು ಬರೆದಿಟ್ಟುಕೊಂಡು ಹೇಳಿ. ಲೈಟು ಬಂದಿದ್ದಾಗ ತೆಗೆದ ಫೋಟೋ ತೋರಿಸಿ. ಕೆಲಸ ಮುಗಿದ ಮೇಲೆ ತೆಗೆದ ಹಳೇ ಭಾಗವನ್ನು ಕೇಳಿ ನೋಡಿ. ನಿಮ್ಮೆದುರೇ ಇಗ್ನಿಷನ್ ಆನ್ ಮಾಡಿಸಿ: ಆ ಲೈಟು ಮೊದಲು ಬರಬೇಕು, ಸ್ಟಾರ್ಟ್ ಮಾಡಿದ ಮೇಲೆ ಆರಬೇಕು.